ರಾಜಮಾಬಿಯ ಕಣ್ಣು

ನವಲಗುಂದಕ್ಕೆ ಹೋಗಿ ಫೋಟೊ ಕಲಿತು ಬಂದೆಯಲ್ಲ, ಏನು ಕಲಿತೆ ಎಂದು ಊರವರು ಕೇಳುವಾಗ ತುಟಿಯಂಚಿನಲ್ಲಿ ಒಂದು ನಗು ಇಟ್ಟುಕೊಂಡೇ ಕೇಳುತ್ತಾರೆ. ಹುಡುಗಿಯೊಬ್ಬಳು ಕೊರಳಿಗೆ ಕ್ಯಾಮೆರಾ ಹಾಕಿಕೊಂಡರೆ ನಗುವ ಚಾಳಿ ನಮ್ಮ ತಿರ್ಲಾಪುರಕ್ಕೆ ಇನ್ನೂ ಬಿಟ್ಟಿಲ್ಲ. ನಾನು ಅವರಿಗೆ ಬಾಯಿಂದ ಉತ್ತರ ಕೊಡುವುದಿಲ್ಲ. ಮನೆಗೆ ಕರೆದು ತಂದು ಪಡಸಾಲೆಯ ಗೋಡೆ ತೋರಿಸುತ್ತೇನೆ. ಅಲ್ಲಿ ನಮ್ಮ ಆಯಿಯ ಫೋಟೊ ಇದೆ. ತೆಗೆದವಳು ನಾನು. ಅದನ್ನು ನೋಡಿದ ಮೇಲೂ ನಗುವವರಿದ್ದರೆ ನಗಲಿ.

ಆಯಿ ಎಂದರೆ ನಮ್ಮಪ್ಪನ ತಾಯಿ, ಮಲ್ಲಕ್ಕ. ಬೆಕ್ಕಿನ ಕಣ್ಣಿನ ಮಲ್ಲಕ್ಕ ಎಂದರೆ ಸುತ್ತಲಿನ ಹಳ್ಳಿಗಳಿಗೆಲ್ಲ ಗೊತ್ತು. ತಿಳಿ ಬೆಲ್ಲದ ಬಣ್ಣದ ಕಣ್ಣು. ಅವಳು ಒಮ್ಮೆ ದಿಟ್ಟಿಸಿ ನೋಡಿದರೆ ಸುಳ್ಳು ಹೇಳುವವರ ನಾಲಿಗೆ ತೊದಲುತ್ತಿತ್ತು. ನನಗೆ ಇಟ್ಟದ್ದು ಅವಳ ಅತ್ತೆಯ ಹೆಸರು, ಕಸ್ತೂರೆವ್ವ. ಅತ್ತೆಯ ಹೆಸರನ್ನು ಸೊಸೆಯಾದವಳು ಬಾಯಿಬಿಟ್ಟು ಹೇಳಬಾರದೆಂಬ ರಿವಾಜು ನಮ್ಮ ಮನೆಯಲ್ಲಿ ಬಿಗಿಯಾಗಿತ್ತು. ಅತ್ತೆ ತೀರಿಕೊಂಡು ಎಷ್ಟೋ ವರ್ಷವಾಗಿದ್ದರೂ ಆಯಿ ನನ್ನನ್ನು ಹುಟ್ಟಿದಾಗಿನಿಂದ ‘ತಂಗಿ’ ಎಂದೇ ಕರೆಯುತ್ತಿದ್ದಳು. ಒಮ್ಮೆಯೂ ನನ್ನ ಹೆಸರು ಹಿಡಿದು ಕೂಗಿದವಳಲ್ಲ.

ಎಂಬತ್ತಾರನೇ ಇಸವಿಯಲ್ಲಿ ಹಳ್ಳಿಯ ಹುಡುಗರಿಗೆ ಕೈಕೆಲಸ ಕಲಿಸುವ ಸರ್ಕಾರದ ಯೋಜನೆಯಲ್ಲಿ ನವಲಗುಂದದ ಶರೀಫಸಾಬರು ತಮ್ಮ ಸ್ಟುಡಿಯೊದಲ್ಲೇ ಫೋಟೊ ಕ್ಲಾಸು ಶುರು ಮಾಡಿದರು. ಅರ್ಜಿ ಹಾಕಿದ ಹುಡುಗಿ ನಾನೊಬ್ಬಳೇ. ಹೊಲಿಗೆ ಕಲಿತರೆ ಸಾಕು ಎಂದ ಅಪ್ಪ. ಹೊಲಿಗೆ ಯಂತ್ರದ ಮುಂದೆ ಕೂತರೆ ನನಗೆ ಸಿಟ್ಟು ಬರುತ್ತದೆ, ಸಿಟ್ಟಿನಲ್ಲಿ ಹೊಲಿದ ಕುಪ್ಪಸ ಯಾರ ಮೈಗೂ ಸರಿಹೋಗುವುದಿಲ್ಲ ಎಂದೆ. ಮಾತು ಬೆಳೆಯುತ್ತಿತ್ತು. ಒಳಗಿನಿಂದ ಬಂದ ಆಯಿ ಮಗನನ್ನು ತನ್ನ ಬೆಲ್ಲದ ಕಣ್ಣಿನಿಂದ ಒಮ್ಮೆ ನೋಡಿದಳು. ಮರುದಿನ ನಾನು ಬಸ್ಸು ಹತ್ತಿದೆ.

ಶರೀಫಸಾಬರ ಕ್ಯಾಮೆರಾ ಎರಡು ಕಣ್ಣಿನ ಹಳೆಯ ಪೆಟ್ಟಿಗೆ. ಎದೆಯ ಹತ್ತಿರ ಹಿಡಿದು, ತಲೆ ಬಗ್ಗಿಸಿ ಮೇಲಿನ ಗಾಜಿನಲ್ಲಿ ನೋಡಬೇಕು. ಹುಡುಗರಿಗೆಲ್ಲ ಗುಂಡಿ ಒತ್ತುವ ಆತುರ. ಶರೀಫಸಾಬರೋ ಮೊದಲ ವಾರ ರೋಲನ್ನೇ ಹಾಕಿಕೊಡಲಿಲ್ಲ. ಸ್ಟುಡಿಯೊದ ಮುಂದಿನ ಕಟ್ಟೆಯ ಮೇಲೆ ನಮ್ಮನ್ನು ಕೂರಿಸಿ, ದಾರಿಯಲ್ಲಿ ಹೋಗುವವರ ಮುಖದ ಮೇಲೆ ಬೆಳಕು ಎಲ್ಲಿಂದ ಬೀಳುತ್ತಿದೆ ಎಂದು ಕೇಳುತ್ತಿದ್ದರು. ನಾನು ಬೇಸತ್ತು ಒಂದು ದಿನ ಕೇಳಿಯೇಬಿಟ್ಟೆ, ಮನುಷ್ಯರನ್ನು ಯಾವಾಗ ನೋಡುವುದು ಎಂದು.

“ಬೆಳಕ ಮೊದಲ ನೋಡವಾ,” ಎಂದರು ಅವರು. “ಮನಶಾ ಕುಂದರ ಅಂದ್ರ ಕುಂದರತಾನ. ಬೆಳಕ ಕುಂದರಂಗಿಲ್ಲ.”

ಬೆಳಕು ನೇರವಾಗಿ ಬಿದ್ದರೆ ಮುಖ ಚಪ್ಪಟೆ, ಬಿಳಿ ಬಟ್ಟೆಗೆ ತಾಕಿ ತಿರುಗಿ ಬಿದ್ದರೆ ಮುಖಕ್ಕೆ ಕಳೆ ಎಂಬುದನ್ನು ಅವರು ಹಾಸಿಗೆಯ ಚಾದರ ಹಿಡಿದು ತೋರಿಸಿಕೊಟ್ಟರು. ಹುಡುಗರು ಚಾದರ ನೋಡಿ ನಕ್ಕರು. ನಾನು ನಗಲಿಲ್ಲ. ಕತ್ತಲೆ ಕೋಣೆಯಲ್ಲಿ ಕೆಂಪು ದೀಪದ ಕೆಳಗೆ, ಬರಿಯ ಬಿಳಿ ಕಾಗದದ ಮೇಲೆ ಮುಖ ಮೂಡುವುದನ್ನು ಮೊದಲ ಸಲ ನೋಡಿದಾಗಲೂ ಹುಡುಗರು ಹೋ ಎಂದರು. ನಾನು ಮಾತ್ರ ಬಸ್ಸಿಗೆ ಹೊತ್ತಾದದ್ದನ್ನೂ ಮರೆತು ನಿಂತಿದ್ದೆ.

ಆಮೇಲೆ ಅವರು ಕಲಿಸಿದ್ದು ಕಣ್ಣು ಬರೆಯುವುದನ್ನು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಲ್ಲಿ ಹಿರಿಯರು ತೀರಿಕೊಂಡರೆ ಅವರನ್ನು ಮಲಗಿಸುವುದಿಲ್ಲ. ವಿಭೂತಿ ಹಚ್ಚಿ, ಹೂವು ಏರಿಸಿ, ಗೋಡೆಗೆ ಒರಗಿಸಿ ಇಲ್ಲವೇ ಕುರ್ಚಿಯಲ್ಲಿ ಕೂರಿಸುತ್ತಾರೆ. ಬದುಕಿದ್ದಾಗ ಒಂದು ಫೋಟೊ ಸಹ ತೆಗೆಸಿಕೊಳ್ಳದವರಿಗೂ ಆ ಹೊತ್ತಿಗೆ ಸ್ಟುಡಿಯೊದವರನ್ನು ಕರೆಸುತ್ತಾರೆ. ಮುಚ್ಚಿದ ಕಣ್ಣಿನ ಫೋಟೊವನ್ನು ಗೋಡೆಗೆ ಹಾಕಿದರೆ ಮಕ್ಕಳು ಅಂಜುತ್ತಾರೆಂದು ಶರೀಫಸಾಬರು ಸಣ್ಣ ಕುಂಚದಿಂದ ಅದರ ಮೇಲೆ ತೆರೆದ ಕಣ್ಣು ಬರೆದುಕೊಡುತ್ತಾರೆ. ಕ್ಲಾಸಿನಲ್ಲಿ ಈ ಕೆಲಸ ಎಲ್ಲರಿಗಿಂತ ಮೊದಲು ಬಂದದ್ದು ನನಗೇ. ಕೈ ನಡುಗದೆ ಬರೆಯುತ್ತಿದ್ದೆ. ಶಹಭಾಸ್ ಎಂದಿದ್ದರು.

ಆದರೆ ಒಂದು ದಿನ ಒಣಹಾಕಿದ ಫೋಟೊಗಳನ್ನು ಸಾಲಾಗಿ ನೋಡುತ್ತಿದ್ದಾಗ ನನಗೆ ಒಂದು ವಿಷಯ ಹೊಳೆಯಿತು. ಗುಡಗೇರಿಯ ಮುದುಕ, ಅಣ್ಣಿಗೇರಿಯ ಮುದುಕಿ, ಎಲ್ಲರಿಗೂ ಒಂದೇ ಜೋಡಿ ಕಣ್ಣು. ಅದೇ ರೆಪ್ಪೆ, ಅದೇ ನೋಟ. ನಾನು ಬರೆದದ್ದೂ ಅದೇ. ಕೇಳಿದೆ. ಶರೀಫಸಾಬರು ಕುಂಚ ತೊಳೆಯುತ್ತ ಸ್ವಲ್ಪ ನಾಚಿದರು. ಸತ್ತವರ ಕಣ್ಣನ್ನು ತಾವು ಕಂಡವರಲ್ಲವಲ್ಲ, ಬರೆಯಬೇಕೆಂದು ಕೂತಾಗ ಕೈಗೆ ಬರುವುದು ತಮ್ಮ ತಾಯಿ ರಾಜಮಾಬಿಯ ಕಣ್ಣು ಮಾತ್ರ ಎಂದರು. ತಾಯಿಯೂ ಹೋಗಿ ಬಹಳ ಕಾಲವಾಗಿತ್ತು.

ಅಂದು ಬಸ್ಸಿನಲ್ಲಿ ಕೂತು ಮನೆಗೆ ಬರುವಾಗ ನನಗೆ ಆಯಿಯ ನೆನಪಾಯಿತು. ಆಯಿಗೆ ವಯಸ್ಸಾಗಿತ್ತು. ಒಂದು ದಿನ ಅವಳನ್ನೂ ಆ ಕುರ್ಚಿಯಲ್ಲಿ ಕೂರಿಸುತ್ತಾರೆ, ಆ ಬೆಲ್ಲದ ಕಣ್ಣು ಮುಚ್ಚಿರುತ್ತದೆ, ಅದರ ಮೇಲೆ ಬೇರೆ ಕಣ್ಣು ಬರೆಯುತ್ತಾರೆ. ಬರೆಯುವ ಕೈ ನನ್ನದೇ ಆದರೂ ಆಗಬಹುದು. ಅದಕ್ಕೆ ಮೊದಲು ಅವಳ ಕಣ್ಣನ್ನು ನಾನು ಹಿಡಿದಿಡಬೇಕು ಎಂದು ಹಟ ಹುಟ್ಟಿತು.

ಆಯಿಯನ್ನು ಕೇಳಿದರೆ ಒಂದೇ ಮಾತಿಗೆ ಒಲ್ಲೆ ಎಂದಳು. ನಮ್ಮ ಮನೆಯಲ್ಲಿ ಒಬ್ಬರೇ ಕೂತು ಫೋಟೊ ತೆಗೆಸಿಕೊಂಡವರೆಲ್ಲ ಸತ್ತವರು. ಬದುಕಿರುವಾಗ ಹಾಗೆ ಕೂತರೆ ಸಾವನ್ನು ಕರೆದು ಕರೆದು ಬರಮಾಡಿಕೊಂಡಂತೆ. ಗುಂಪಿನಲ್ಲಾದರೆ ಅಡ್ಡಿಯಿಲ್ಲ ಎಂದಳು. ಅಷ್ಟಕ್ಕಾದರೂ ಒಪ್ಪಿದಳಲ್ಲ ಎಂದು, ಬಸುರಿಯಾಗಿದ್ದ ಅಕ್ಕನ ಕುಬುಸದ ದಿನ ಶರೀಫಸಾಬರ ಕ್ಯಾಮೆರಾ ಕೇಳಿ ತಂದೆ.

ಬೀಗರೆಲ್ಲ ನೆರೆದಿದ್ದರು. ಬೇವಿನ ನೆರಳಿನಲ್ಲಿ ಕೂರಿ ಎಂದೆ. ನೆರಳಿನ ಕಡೆ ಕೂತರೆ ಮುಖ ತೆಂಕಣಕ್ಕೆ ಬರುತ್ತದೆ, ಶುಭದ ದಿನ ತೆಂಕಣಕ್ಕೆ ಮುಖ ಮಾಡಬಾರದು ಎಂದು ಹಿರಿಯರೆಲ್ಲ ಎದ್ದರು. ಮೂಡಣಕ್ಕೇ ಮುಖ ಮಾಡಬೇಕು. ಮುಂಜಾನೆಯ ಬಿಸಿಲು ಕಣ್ಣಿಗೆ ಕುಕ್ಕುತ್ತಿತ್ತು. ಬೆಳಕು ಸರಿಯಿಲ್ಲ ಎಂದು ಬಡಕೊಂಡೆ. ನಿನ್ನ ಬೆಳಕಿಗಾಗಿ ದಿಕ್ಕು ಬದಲಿಸಲೇನು ಎಂದು ಅಪ್ಪ ಎಲ್ಲರ ಮುಂದೆ ಗದರಿಸಿದ. ಗುಂಡಿ ಒತ್ತಿದೆ.

ಫೋಟೊದಲ್ಲಿ ಎಲ್ಲರ ಕಣ್ಣೂ ತೆರೆದಿದ್ದವು, ಆಯಿಯದು ಮಾತ್ರ ಮುಚ್ಚಿತ್ತು. ಬೆಕ್ಕಿನ ಕಣ್ಣಿಗೆ ಬಿಸಿಲು ತಡೆಯುವುದಿಲ್ಲ. ಕುಬುಸದ ಫೋಟೊದಲ್ಲಿ ಹಿರಿಯಳ ಕಣ್ಣು ಮುಚ್ಚಿದ್ದರೆ ಬೀಗರು ಏನಂದುಕೊಂಡಾರು ಎಂದು ಅಪ್ಪ ಕುಂಚ ಆಡಿಸಲು ಹೇಳಿದ. ನಾನು ಹಲ್ಲು ಕಚ್ಚಿ ಬರೆದೆ. ಚೆಂದ ಬರೆದೆ ಎಂದೇ ಹೇಳಬೇಕು.

ಆಯಿ ಫೋಟೊವನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ತಲೆಯೆತ್ತಿ ಗೋಡೆಯ ಮೇಲಿದ್ದ ತನ್ನ ಅತ್ತೆಯ ಫೋಟೊ ನೋಡಿದಳು. ಮತ್ತೆ ಕೈಯಲ್ಲಿದ್ದದ್ದನ್ನು ನೋಡಿದಳು.

“ಇವು ನನ್ನ ಕಣ್ಣಲ್ಲ ಬೇ ತಂಗಿ,” ಎಂದಳು. “ನಮ್ಮ ಅತ್ತಿ ಕಣ್ಣು.”

ಅತ್ತೆಯ ಫೋಟೊ ಕೂಡ ಶರೀಫಸಾಬರು ತರುಣರಿದ್ದಾಗ ತೆಗೆದದ್ದೇ, ಸತ್ತ ಮೇಲೆ ಕುರ್ಚಿಯಲ್ಲಿ ಕೂರಿಸಿ. ನನಗೆ ಇನ್ನು ಬಚ್ಚಿಡಲಾಗಲಿಲ್ಲ. ಅವು ಅತ್ತೆಯ ಕಣ್ಣೂ ಅಲ್ಲ, ಶರೀಫಸಾಬರ ತಾಯಿಯ ಕಣ್ಣು, ನನ್ನ ಕೈ ಕಲಿತದ್ದೂ ಅದೊಂದನ್ನೇ ಎಂದು ಎಲ್ಲ ಹೇಳಿದೆ. ಅತ್ತೆಯ ನಿಜವಾದ ಕಣ್ಣು ಹೇಗಿದ್ದವು ಎಂದು ಕೇಳಿದೆ. ಆಯಿ ಫೋಟೊವನ್ನು ಮಡಿಲಲ್ಲಿ ಇಟ್ಟುಕೊಂಡಳು. ಆ ಕಾಲದ ಸೊಸೆಯಂದಿರು ಅತ್ತೆಯ ಮುಂದೆ ತಲೆ ಎತ್ತುವಂತಿರಲಿಲ್ಲ. ಬಂದ ದಿನದಿಂದ ಅತ್ತೆ ಸಾಯುವ ತನಕ ತಾನು ಕಂಡದ್ದು ಅವಳ ಕಾಲಿನ ಬೆರಳು, ಸೀರೆಯ ಅಂಚು, ಅಷ್ಟೇ ಎಂದಳು. ಕಣ್ಣು ಕಂಡದ್ದು ಫೋಟೊ ಗೋಡೆಗೆ ಬಂದ ಮೇಲೆ.

ಹೇಳುತ್ತ ಹೇಳುತ್ತ ಅವಳ ಮೈ ಅಲುಗಾಡತೊಡಗಿತು. ಅಳುತ್ತಿದ್ದಾಳೆ ಎಂದುಕೊಂಡೆ. ನಗುತ್ತಿದ್ದಳು.

“ಅಂದ್ರ ನಾ ಇಷ್ಟ ವರ್ಷ ದಿನಾ ಮುಂಜಾನೆ ಎದ್ದು ಅಂಜಿ ಕೈ ಮುಗದದ್ದು ನವಲಗುಂದದ ರಾಜಮಾಬಿಗೇನು?”

ನಕ್ಕು ನಕ್ಕು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ ಇದ್ದಕ್ಕಿದ್ದಂತೆ ಗಂಭೀರಳಾದಳು. “ಪಾಪ, ಆ ತಾಯಿ ತಣ್ಣಗ ನೆಳ್ಳಾಗಿರಲಿ. ಆದ್ರ ನಾ ಸತ್ತ ಮ್ಯಾಲೆ ಮಂದಿ ಕಣ್ಣ ಇಟಗೊಂಡ ಗ್ವಾಡಿ ಮ್ಯಾಲೆ ಕುಂದರಂಗಿಲ್ಲ. ನನ್ನವು ಇನ್ನೂ ತೆರದ ಅದಾವ. ತಗೀ ಫೋಟೊ.” ಕುರ್ಚಿಯ ಮೇಲೆ ಮಾತ್ರ ಕೂರುವುದಿಲ್ಲ, ಮೂಡಣ ದಿಕ್ಕೂ ಬಿಡುವುದಿಲ್ಲ ಎಂದು ಕಟ್ಟಪ್ಪಣೆ ಮಾಡಿದಳು.

ಕ್ಯಾಮೆರಾ ಮತ್ತೆ ಕೇಳಿ ತಂದೆ. ಅವು ಹತ್ತಿ ಬಿಡಿಸಿ ತರುವ ದಿನಗಳು. ಪಡಸಾಲೆಯಲ್ಲಿ ಹೊಸಿಲಿನಿಂದಲೇ ಹತ್ತಿಯ ರಾಶಿ. ಊಟವಾದ ಮೇಲೆ ಆಯಿ ಅದರ ಮುಂದೆ ಮೂಡಣ ಬಾಗಿಲಿಗೆ ಮುಖ ಮಾಡಿ ಕೂತು, ಹತ್ತಿಯಲ್ಲಿ ಸಿಕ್ಕ ಒಣ ಎಲೆ ಆರಿಸುತ್ತಿದ್ದಳು. ನಾನು ಒಳಗೆ ಬಂದವಳು ಅಲ್ಲೇ ನಿಂತೆ. ಸೂರ್ಯ ಮನೆಯ ಹಿಂದಕ್ಕೆ ಹೋಗಿದ್ದ. ಬಾಗಿಲಿನಿಂದ ಬರುವ ತಂಪು ಬೆಳಕು ಹತ್ತಿಯ ಮೇಲೆ ಬಿದ್ದು, ಅಲ್ಲಿಂದ ಮೇಲೆದ್ದು ಆಯಿಯ ಮುಖಕ್ಕೆ ಬರುತ್ತಿತ್ತು. ಶರೀಫಸಾಬರು ಚಾದರ ಹಿಡಿದು ಒದ್ದಾಡಿ ತೋರಿಸಿದ್ದು ನಮ್ಮ ಪಡಸಾಲೆಯಲ್ಲಿ ರಾಶಿ ಬಿದ್ದಿತ್ತು. ದಿಕ್ಕು ಹಿರಿಯರದೇ ಇತ್ತು. ನಾನು ಬದಲಿಸಿದ್ದು ಹೊತ್ತನ್ನು. ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ, ನಾನೇ ಕಂಡುಕೊಂಡೆ. ಆ ಗಳಿಗೆಯ ಹೆಮ್ಮೆ ನನ್ನ ಎದೆಯಲ್ಲಿ ಇವತ್ತಿಗೂ ಬೆಚ್ಚಗಿದೆ.

ಮೊಣಕಾಲೂರಿ, ತಲೆ ಬಗ್ಗಿಸಿ ಗಾಜಿನಲ್ಲಿ ನೋಡಿದೆ. ತನ್ನನ್ನು ನೋಡದೆ ನೆಲ ನೋಡುತ್ತೀಯಲ್ಲ ಎಂದು ಆಯಿ ಕೆಣಕಿದಳು. ನಾನು ಕಾದೆ. ಅವಳ ಕೈ ಹತ್ತಿಯಲ್ಲಿ ನಿಂತಿತು. ಏನು ನೆನಪಾಯಿತೋ, ಒಮ್ಮೆ ಬಾಜುವಿನ ಗೋಡೆಯತ್ತ, ಅತ್ತೆಯ ಫೋಟೊದತ್ತ ಕಣ್ಣು ಹೊರಳಿಸಿದಳು. ತುಟಿಯಲ್ಲಿ ಆವತ್ತಿನ ನಗುವಿನ ಉಳಿಕೆ ಇತ್ತು. ಒತ್ತಿದೆ.

ಫೋಟೊ ತಂದು ಆಯಿಯ ಕೈಯಲ್ಲಿ ಇಟ್ಟಾಗ ಅಪ್ಪನೂ ಪಕ್ಕದಲ್ಲಿದ್ದ. ಆಯಿ ಫೋಟೊದ ಮುಖದ ಮೇಲೆ ಬೆರಳಾಡಿಸಿದಳು. ಕಪ್ಪು ಬಿಳುಪಿನಲ್ಲೂ ಆ ಕಣ್ಣು ತಿಳಿಯಾಗಿ ಬಂದಿದ್ದವು. ಪಾಪೆಯಲ್ಲಿ ಹತ್ತಿಯ ರಾಶಿ ಸಣ್ಣಗೆ ಬೆಳ್ಳಗೆ ಕಾಣುತ್ತಿತ್ತು.

“ಕಸ್ತೂರೆವ್ವಾ,” ಎಂದಳು. “ಇದು ನಾನ ಹೌದು.”

ಅಪ್ಪ ಬೆಚ್ಚಿ ತಾಯಿಯ ಮುಖ ನೋಡಿದ. ನನ್ನ ಹೆಸರು ಅವಳ ಬಾಯಲ್ಲಿ ಹೇಗೆ ಕೇಳಿಸುತ್ತದೆ ಎಂದು ನನಗೆ ಅಂದೇ ಗೊತ್ತಾದದ್ದು. ನಾನು ಅಡುಗೆಮನೆಗೆ ಓಡಿಹೋಗಿ ಗೋಡೆಯ ಕಡೆ ಮುಖ ಮಾಡಿ ಅತ್ತುಬಿಟ್ಟೆ.

ಮರುವರ್ಷ ಶ್ರಾವಣದಲ್ಲಿ ಆಯಿ ಹೋದಳು. ಕೂರಿಸಿದರು, ವಿಭೂತಿ ಹಚ್ಚಿದರು. ಅಪ್ಪ ರೂಢಿಯಂತೆ ಶರೀಫಸಾಬರಿಗೆ ಹೇಳಿಕಳಿಸಿದ್ದ. ಅವರು ಬಂದರು, ಆಯಿಗೆ ಕೈ ಮುಗಿದರು. ಪಕ್ಕದಲ್ಲಿ ನಾನು ತೆಗೆದ ಫೋಟೊ ಕಟ್ಟು ಹಾಕಿಸಿ ಇಟ್ಟಿದ್ದೆವು. ಅವರು ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಕನ್ನಡಕ ಏರಿಸಿ ನೋಡಿದರು. ಕ್ಯಾಮೆರಾ ಚೀಲದ ಗುಂಡಿ ಬಿಚ್ಚಲೇ ಇಲ್ಲ.

“ಶಂಭುಲಿಂಗಪ್ಪಾರ, ಈ ಮನ್ಯಾಗ ನನ್ನ ಕುಂಚಕ್ಕ ಕೆಲಸಿಲ್ರಿ,” ಎಂದರು ಅಪ್ಪನಿಗೆ. ಆಮೇಲೆ ನನ್ನ ಕಡೆ ತಿರುಗಿ ನನ್ನ ತಲೆಯ ಮೇಲೆ ಕೈ ಇಟ್ಟರು.

ಈಗ ಊರಿನ ನಾಲ್ಕಾರು ಮನೆಯವರು ತಮ್ಮ ಮುದುಕಿಯರನ್ನು ಹೊಸಿಲ ಬಳಿ ಕೂರಿಸಿಕೊಂಡು ನನಗೆ ಹೇಳಿಕಳಿಸುತ್ತಾರೆ, ನಗುವವರ ಮನೆಯವರೂ. ನಾನು ಹೊತ್ತು ನೋಡಿ ಹೋಗುತ್ತೇನೆ.

ಆಯಿಯ ಫೋಟೊಗೆ ಮೊಳೆ ಹೊಡೆಯುವಾಗ ಅಪ್ಪ ಅದನ್ನು ಮುತ್ತ್ಯಾನ, ಅಂದರೆ ಆಯಿಯ ಗಂಡನ, ಫೋಟೊದ ಬಾಜು ಹಾಕೋಣ ಎಂದ. ಬೇಡ ಎಂದೆ. ಈ ಸಲ ಅವನು ಗದರಿಸಲಿಲ್ಲ. ಎಲ್ಲಿ ಎಂದು ನನ್ನನ್ನು ಕೇಳಿದ. ಆಯಿಯ ನೋಟ ಯಾವ ಕಡೆ ಹೊರಳಿದೆಯೋ ಆ ಕಡೆ ಅವಳ ಅತ್ತೆಯ ಫೋಟೊ ಬರುವಂತೆ ಹಾಕಿಸಿದೆ. ಬದುಕಿದ್ದಾಗ ಬರಿಯ ಕಾಲ್ಬೆರಳು ನೋಡಿಕೊಂಡಿದ್ದ ನಮ್ಮ ಮಲ್ಲಕ್ಕ ಈಗ ಅತ್ತೆಯನ್ನು ಕಣ್ಣೆತ್ತಿ, ನಗುತ್ತ ನೋಡುತ್ತಿದ್ದಾಳೆ.