ಇನ್ನೂರ ಇಪ್ಪತ್ತಮೂರರ ತನಕ

ಮುಂದೆ ಹೋಗುತ್ತಿದ್ದ ಲಾರಿಯ ಹಿಂಬದಿಯಲ್ಲಿ ೪೦೮೭, ಏಳಕ್ಕೆ ಹೋಗುವುದಿಲ್ಲ, ಹದಿಮೂರಕ್ಕೂ ಇಲ್ಲ, ಅರವತ್ತೊಂದು ಇಂಟು ಅರವತ್ತೇಳು — ಸಾಕು ಸುಮ್ಮನಿರು, ಎಂದು ಇಂದ್ರಾಣಿ ತನ್ನ ತಲೆಯನ್ನೇ ಗದರಿಕೊಂಡಳು, ನಂಜನಗೂಡು ಬಿಟ್ಟಾಗಿನಿಂದ ಕಣ್ಣಿಗೆ ಬಿದ್ದದ್ದನ್ನೆಲ್ಲ ಭಾಗಿಸುತ್ತ ಕೂತಿದೆ ಈ ಹಾಳು ತಲೆ, ಮಾತಾಡಬೇಕಾದ ಕಡೆ ಬಾಯಿಗೆ ಬೀಗ, ಈಗ ಬಸ್ಸಿನಲ್ಲಿ ಪೌರುಷ. ಯಾವುದೋ ಟ್ರಸ್ಟಿನವರು ಹೆಣ್ಣುಮಕ್ಕಳ ಹಾಸ್ಟೆಲ್ಲಿಗೆ ನಡೆಸುವ ಪರೀಕ್ಷೆ, ಮೂವತ್ತೈದು ಬಂದರೆ ಊಟ ವಸತಿ ಪಿಯುಸಿ ಎಲ್ಲ ಬಿಟ್ಟಿ, ಬರದಿದ್ದರೆ ಓದು ಅಲ್ಲಿಗೇ ಮುಗಿಯಿತು, ಪೇಪರ್ ತಿದ್ದಲು ಹತ್ತು ಜನ ಮೇಷ್ಟ್ರುಗಳು, ಅವರಲ್ಲಿ ಇವಳೊಬ್ಬಳು ಬಿಎಸ್ಸಿ ಬಿಎಡ್ಡು. ಹದಿನಾಲ್ಕನೇ ಪ್ರಶ್ನೆ, ಎರಡು ಅಂಕ, ೧೦೦೧೨೭ ಅವಿಭಾಜ್ಯವೇ ಪರೀಕ್ಷಿಸಿ. ಹೌದು ಅನ್ನುತ್ತದೆ ಕೀ ಉತ್ತರ, ಅದನ್ನು ಬರೆದ ಪುಣ್ಯಾತ್ಮ ಹತ್ತೊಂಬತ್ತರ ತನಕ ಭಾಗಿಸಿ ಕೈತೊಳೆದುಕೊಂಡಿದ್ದಾನೆ, ವರ್ಗಮೂಲ ಮುನ್ನೂರ ಹದಿನಾರು ಚಿಲ್ಲರೆ, ಅಲ್ಲಿಯ ತನಕ ನೋಡಬೇಕೋ ಬೇಡವೋ, ಏಳಕ್ಕೇ ನಿಲ್ಲಿಸಿ ಅವಿಭಾಜ್ಯ ಎಂದು ಗೀಚಿದವರಿಗೆಲ್ಲ ಇವಳ ಕೈಯಿಂದಲೇ ಎರಡೆರಡು ಅಂಕ, ನೋಡಿದವಳು ಒಬ್ಬಳೇ ಹುಡುಗಿ, ಕಳಲೆಯವಳೋ ದೇವನೂರಿನವಳೋ, ಹಾಳೆಯ ಮೇಲೆ ಹೆಸರಿಲ್ಲ, ಏಳು ಹನ್ನೊಂದು ಹದಿಮೂರು ಹದಿನೇಳು, ಒಂದೊಂದಕ್ಕೂ ಪುಟ್ಟ ಭಾಗಾಕಾರ, ಒಟ್ಟು ನಲವತ್ತೈದು, ಪುಟ ಮುಗಿದು ಅಂಚಿಗೆ ಬಂದು, ಅಂಚಿನಲ್ಲೂ ಜಾಗ ಸಾಲದೆ ಹಾಳೆಯನ್ನು ಅಡ್ಡ ತಿರುಗಿಸಿಕೊಂಡು ಬರೆದಿದ್ದಾಳೆ, ೨೨೩ರಿಂದ ಭಾಗಿಸಿದರೆ ೪೪೯, ಶೇಷ ಉಳಿಯುವುದಿಲ್ಲ, ಆದ್ದರಿಂದ ಅವಿಭಾಜ್ಯವಲ್ಲ. ಕತ್ತು ವಾಲಿಸಿಕೊಂಡು ಓದಿದ್ದಳು ಇಂದ್ರಾಣಿ, ತಾನೂ ಗುಣಿಸಿ ನೋಡಿದ್ದಳು. ಮುಖ್ಯಸ್ಥ ಚಿಕ್ಕಬಸಪ್ಪನ ಮೇಜಿಗೆ ಒಯ್ದಳು, ಭಾಗ ಹೋಗುತ್ತೆ ಸಾರ್, ನೀವೇ ಗುಣಿಸಿ ನೋಡಿ. ಆಸಾಮಿ ಗುಣಿಸಿದ, ಅದೇ ಇವಳಿಗೆ ಉರಿಯುವುದು, ಗುಣಿಸದೆ ಬೈದಿದ್ದರೆ ದಡ್ಡ ಅಂದುಕೊಳ್ಳಬಹುದಿತ್ತು. ಸರಿಯಾಗೇ ಐತೆ ಕಣ್ರೀ ಮೇಡಮ್ಮೋರೆ, ಅದ್ಕೇನೀಗ, ಒಬ್ಳಿಗೋಸ್ಕರ ಆರ್ನೂರು ಪೇಪರ್ ತಿರ್ಗಾ ತಿದ್ತೀರಾ, ಕೀ ಅಂದ್ರೆ ಕೀ, ಸೊನ್ನೆ ಆಕಿ ಮುಂದ್ಕೋಗಿ, ಊಟದ ಟೈಮಾಯ್ತು.

ಹೋದಳಲ್ಲ ಮುಂದಕ್ಕೆ, ಹೋಗಿ ಅನ್ನ ಸಾರು ತಿಂದಳಲ್ಲ, ಥೂ. ಆ ಹುಡುಗಿಯ ಮೊತ್ತ ಮೂವತ್ತಮೂರು, ಎರಡೇ ಎರಡು ಕಡಿಮೆ. ಅವತ್ತು ಹತ್ತನೇ ಕ್ಲಾಸಿನಲ್ಲಿ ಇವಳು ತನ್ನದೇ ದಾರಿಯಲ್ಲಿ ಮಾಡಿದ ಲೆಕ್ಕಕ್ಕೆ ರಾಮಯ್ಯ ಮೇಷ್ಟ್ರು ಸೊನ್ನೆ ಸುತ್ತಿ, ಕಳೆ ಕೀಳೋ ನಿಮ್ಮವ್ವ ಸಾಕಮ್ಮ ಏಳ್ಕೊಟ್ಲೇನಮ್ಮಿ ಇದ್ನ, ಎಂದು ಕ್ಲಾಸನ್ನೆಲ್ಲ ನಗಿಸಿದ್ದರು, ಮಾರನೇ ಬೆಳಿಗ್ಗೆ ಅವ್ವ ಸೆರಗು ಸಿಕ್ಕಿಸಿಕೊಂಡು ಸ್ಕೂಲಿಗೆ ಬಂದಳು, ಹೆಬ್ಬೆಟ್ಟಿನವಳು, ನನ್ ಮಗ್ಳು ಬರ್ದಿರಾದು ಸರಿಯಾ ತಪ್ಪಾ ಅದೊಂದ್ ಏಳಿ ಸಾ, ಸರಿ ಕಣಮ್ಮ, ಅಂಗಾದ್ರೆ ಮಾರ್ಕ್ ಆಕಿ, ಆಕಗಂಟ ನಾನಿಲ್ಲೇ ಕೂತಿರ್ತೀನಿ, ಮಧ್ಯಾಹ್ನದ ತನಕ ಕೂತಿದ್ದಳು, ಹಾಕಿಸಿಕೊಂಡೇ ಎದ್ದಳು. ಆ ಹುಡುಗಿಗೂ ಒಬ್ಬ ಅವ್ವ ಇರುತ್ತಾಳೆ, ಎಲ್ಲಿ ಬಂದು ಕೂರುತ್ತಾಳೆ ಅವಳು, ಯಾರನ್ನು ಕೇಳುತ್ತಾಳೆ, ಬಂಡಲು ಕಟ್ಟಿ ಅರಗು ಒತ್ತಿ ಕಳಿಸಿಯಾಯಿತು. ಮೇಡಂ ಇಳೀರಿ, ನರಸೀಪುರ ಬಂತು. ಇಳಿಯುತ್ತೇನೆ ಇರಪ್ಪ — ಚಿಕ್ಕಬಸಪ್ಪನೇನು ಕೈ ಹಿಡಿದು ಬರೆಸಿದನೇ, ಪೆನ್ನು ಇವಳದು, ಕೆಂಪು ಇಂಕು ಇವಳದು, ಅಡ್ಡ ತಿರುಗಿದ ಆ ಹಾಳೆ, ೨೨೩, ೪೪೯, ಸೊನ್ನೆ ಹಾಕುವುದಕ್ಕೆಂದು ಇವಳೇ ಅದನ್ನು ನೆಟ್ಟಗೆ ತಿರುಗಿಸಿಕೊಂಡದ್ದು, ನೆಟ್ಟಗೆ ತಿರುಗಿಸಿಕೊಂಡು —