ಕೆಂಪು ಬಿಳಿ ಗಂಜಿ

ಬಟ್ಟಲಿನ ಒಂದು ಬದಿಗೆ ತಾಳೆಬೆಲ್ಲದ ಕೆಂಪು ಗಂಜಿ, ಇನ್ನೊಂದು ಬದಿಗೆ ಕಾಯಿಹಾಲಿನ ಬಿಳಿ ಗಂಜಿ. ಪುರ್ವಂತಿ ಎರಡರ ನಡುವೆ ಚಮಚದಿಂದ ಗೆರೆ ಎಳೆಯುತ್ತಿದ್ದಳೇ ಹೊರತು ಬಾಯಿಗಿಡುತ್ತಿರಲಿಲ್ಲ.

"ಗದ್ದೆ ಉಳ್ತಿದೀಯೇನೇ?" ಎಂದಳು ಅಜ್ಜಿ.

"ಗಂಟಲಲ್ಲಿ ಇಳೀತಿಲ್ಲ ಅಜ್ಜಿ."

ಮರುದಿನ ಬೆಳಿಗ್ಗೆ ಅವಳ ನರ್ಸಿಂಗ್ ಪರವಾನಗಿ ಪರೀಕ್ಷೆ. ಹೋದ ಸಲವೂ ಹೀಗೇ ಏನೂ ತಿನ್ನದೆ ಹೋಗಿ, ಪರೀಕ್ಷೆಯ ಕೋಣೆಯಲ್ಲೇ ತಲೆ ಸುತ್ತಿ ಬಿದ್ದಿದ್ದಳು. ಹೆದರಿದಾಗ ಹೊಟ್ಟೆ ಯಾಕೆ ಮುಚ್ಚಿಕೊಳ್ಳುತ್ತದೆ ಎಂಬುದನ್ನು ಅವಳು ಉತ್ತರ ಪತ್ರಿಕೆಯಲ್ಲಿ ತಪ್ಪಿಲ್ಲದೆ ಬರೆಯಬಲ್ಲಳು. ಆದರೆ ಬರೆಯಲು ಬಂದ ಮಾತ್ರಕ್ಕೆ ಹೊಟ್ಟೆ ತೆರೆದುಕೊಳ್ಳುತ್ತಿರಲಿಲ್ಲ.

ತಾಯಿ ಸುಕಿನೆಮ್ ಬೆಳಗಿನಿಂದ ನೀರೂ ಮುಟ್ಟಿರಲಿಲ್ಲ. ಬುಧವಾರವೂ, ಐದು ದಿನದ ಸಂತೆಸುತ್ತಿನ ಪೋನ್ ದಿನವೂ ಮೂವತ್ತೈದು ದಿನಕ್ಕೊಮ್ಮೆ ಕೂಡಿ ಬಂದಾಗಲೆಲ್ಲ, ಅದು ಮಗಳು ಹುಟ್ಟಿದ ದಿನವೆಂದು ಆಕೆ ಅವಳ ಒಳಿತಿಗೆ ಗಂಜಿ ಮಾಡಿ, ತಾನು ಸಂಜೆಯ ತನಕ ಉಪವಾಸವಿರುತ್ತಿದ್ದಳು. ಇಂದೂ ಅಂಥದೇ ಬುಧವಾರ; ನಾಳೆಯ ಸೋಯಾಕಾಳಿನ ಟೆಂಪೆ ಸುತ್ತಲು ಬಾಳೆಲೆ ಒರೆಸುತ್ತ ನೆಮ್ಮದಿಯಾಗಿ ಕೂತಿದ್ದಳು.

"ನಿನಗೆ ಕೈ ನಡುಗಲ್ವಾ ಅಮ್ಮ?"

"ಯಾಕೆ ನಡುಗಬೇಕು? ಸಂಜೆ ಮಸೀದಿ ಬಾಂಗ್ ಆದ್ರೆ ಚಹಾ ಸಿಗುತ್ತೆ ಅಂತ ಗೊತ್ತಲ್ಲ."

ವೊನೊಗಿರಿಯ ದೊಡ್ಡ ಮಗನ ಮನೆಯಿಂದ ಮೊನ್ನೆಯಷ್ಟೇ ಬಂದಿದ್ದ ಅಜ್ಜಿ ಸೊಸೆಯ ಮುಖ ನೋಡಿದಳು. "ಇವಳಿಗೋಸ್ಕರನಾ ಉಪವಾಸ? ಇವಳ ದಿನ ನಾಳೆ ಅಲ್ವೇ ಸುಕಿ?"

"ಇಲ್ಲ ಅತ್ತೆ, ಬುಧವಾರ ಪೋನ್. ಹೊತ್ತು ಮುಳುಗೋ ಮುಂಚೆ ಹುಟ್ಟಿದ್ದು."

"ನಿನಗೆಲ್ಲಿ ಪ್ರಜ್ಞೆ ಇತ್ತು? ಬಾಂಗ್ ಮುಗಿದು, ನಾನು ದೀಪ ಹಚ್ಚಿದ ಮೇಲೇ ಇವಳು ಅತ್ತಿದ್ದು. ಸಂಜೆಗೆ ದಿನ ತಿರುಗುತ್ತೆ. ಇವಳು ಗುರುವಾರದವಳು."

ಸುಕಿನೆಮ್ ಕೈಯಲ್ಲಿದ್ದ ಎಲೆ ನಡುವೆ ಸೀಳಿತು.

ಬಾಂಗ್ ಕೇಳಿಸಿತು. ಪುರ್ವಂತಿ ಚಹಾ ತಂದಿಟ್ಟಳು. ತಾಯಿ ಲೋಟ ಮುಟ್ಟಲಿಲ್ಲ.

"ಅದಕ್ಕೇ ಹೋದ ಸಲ ಹಾಗಾಯ್ತು," ಎಂದಳು. "ಇಷ್ಟು ವರ್ಷ ಯಾರದೋ ದಿನಕ್ಕೆ ಹಸಿದೆ. ನಾಳೆ ಸಂಜೆವರೆಗೂ ನಾನು ಏನೂ ಮುಟ್ಟಲ್ಲ."

"ಹೊಟ್ಟೆ ಹುಣ್ಣು ಇಟ್ಕೊಂಡು? ಹೋದ ವರ್ಷ ರಕ್ತ ಕಾರ್ಕೊಂಡಿದ್ದು ಮರೆತ್ಯಾ?" ಎಂದಳು ಪುರ್ವಂತಿ.

ಇಡೀ ದಿನ ನಡುಗದಿದ್ದ ತಾಯಿಯ ಕೈಗಳು ಈಗ ಮಡಿಲಲ್ಲಿ ಸಣ್ಣಗೆ ನಡುಗುತ್ತಿದ್ದವು. ಪುರ್ವಂತಿಗೆ ಆ ನಡುಕದ ಗುರುತಿತ್ತು. ಅದು ಹಸಿವಿನದಲ್ಲ.

"ಅಮ್ಮ, ಬಾಂಗ್ ಆಯ್ತು. ಅಂದ್ರೆ ನನ್ನ ದಿನ ಈಗ ಶುರು, ಅಲ್ವಾ?"

"ಹೂಂ."

"ಇಷ್ಟು ವರ್ಷ ನನ್ನ ದಿನ ಶುರುವಾದಾಗಲೆಲ್ಲ ನೀನೇನು ಮಾಡ್ತಿದ್ದೆ?"

ಸುಕಿನೆಮ್ ಲೋಟದ ಕಡೆ ನೋಡಿದಳು. "ಚಹಾ ಕುಡೀತಿದ್ದೆ. ಊಟ ಮಾಡ್ತಿದ್ದೆ."

"ಹೆತ್ತ ರಾತ್ರಿನೂ ಅದೇ," ಎಂದಳು ಅಜ್ಜಿ. "ಎಚ್ಚರ ಆದ್ಮೇಲೆ ನನ್ನ ಪಾಲಿನ ಅನ್ನನೂ ತಿಂದ್ಲು. ನಾನಿನ್ನೂ ಮರೆತಿಲ್ಲ."

ಸುಕಿನೆಮ್‌ಗೆ ನಗು ಬಂದಂತಾಯಿತು. ಆದರೂ ಲೋಟ ಎತ್ತದೆ, ಮಗಳ ಬಟ್ಟಲನ್ನೇ ನೋಡಿದಳು.

ಗಂಜಿಯ ಮೇಲೆ ಕೆನೆ ಕಟ್ಟಿತ್ತು. ಪುರ್ವಂತಿ ಕೆಂಪೂ ಬಿಳಿಯೂ ಸೇರುವ ಕಡೆ ಚಮಚ ಇಳಿಸಿ, ಬಾಯಿಗಿಟ್ಟುಕೊಂಡಳು. ಅದು ನಾಲಿಗೆಯ ಮೇಲೆ ಬಹಳ ಹೊತ್ತು ನಿಂತಿತು. ಅಜ್ಜಿ ಎದ್ದು ದೀಪದ ಗುಂಡಿ ಒತ್ತಿದಳು. ಮಗಳ ಗಂಟಲು ಒಮ್ಮೆ ಮೇಲೆ ಕೆಳಗೆ ಆಡುವುದನ್ನು ನೋಡಿದ ಮೇಲೆ, ಸುಕಿನೆಮ್ ಆರಿದ ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಎತ್ತಿಕೊಂಡಳು.