ಏಳು ಕಿಟಕಿಗೆ ಆಧಾರ

ದೀಪ ಆರಿತು, ಮತ್ತೆ, ಇದೊಳ್ಳೆ ಗೋಳಾಯಿತಲ್ಲ, ಕೈ ಎತ್ತಿ ಬೀಸಿದ, ಉರಿಯಿತು — ಯಾರೂ ಅಲುಗಾಡದಿದ್ದರೆ ತಾನಾಗಿ ಆರುವ ದೀಪ, ಕರೆಂಟು ಉಳಿಸುವುದಕ್ಕಂತೆ, ಈ ಮಹಡಿಯ ತುಂಬ ಜನ ಇದ್ದಾಗ ಅದು ಆರುತ್ತದೆ ಅನ್ನುವುದೇ ಯಾರಿಗೂ ಗೊತ್ತಿರಲಿಲ್ಲ, ಈಗ ಎಲ್ಲರೂ ಮನೆಯಿಂದಲೇ ಕೆಲಸ ಮಾಡುತ್ತಾರೆ, ಬರುವವನು ಇವನೊಬ್ಬ, ಬಟ್ಟೆ ಒಗೆಯುವ ಯಂತ್ರಗಳಿಗೆ ಕೈಪಿಡಿ ಬರೆಯುವವನು, ಬಾಗಿಲು ಸರಿಯಾಗಿ ಮುಚ್ಚಿದೆಯೇ ಎಂದು ನೋಡಿಕೊಳ್ಳಿ, ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಬೇಡಿ, ಇದನ್ನು ಮನೆಯಲ್ಲಿ ಕೂತು ಬರೆಯಬೇಡ ಅಂದವರು ಯಾರು, ಯಾರೂ ಇಲ್ಲ, ಮನೆಯಲ್ಲಿ ಹಾಗೆ ಅನ್ನುವುದಕ್ಕೂ ಯಾರೂ ಇಲ್ಲ, ಇಲ್ಲಿಯಾದರೆ ಕಾವಲಿನವನು ಬೆಳಿಗ್ಗೆ ಬಂದ್ರಾ ಸಾರ್ ಅನ್ನುತ್ತಾನೆ, ಬಂದೆನಪ್ಪಾ ಅಂದರೆ ಆ ದಿನದ ಮಾತು ಮುಗಿಯಿತು. ಮುಗಿಯುತ್ತಿತ್ತು, ಆಕೆ ಬರುವ ತನಕ. ಆಕೆ ಎಲ್ಲಿಯವರೋ, ಹೇಗಿದ್ದಾರೋ, ಮೊಮ್ಮಗಳಿರುವ ಅಜ್ಜಿ ಅನ್ನುವುದಷ್ಟು ಗೊತ್ತು, ಇಟ್ಟುಕೊಂಡ ಹೆಸರು ಐದನೇ ಕಿಟಕಿ — ಆನ್‌ಲೈನ್ ವಿಶ್ವಕೋಶದಲ್ಲಿ ಬರೆಯುವವರು ಏನು ಹೆಸರು ಬೇಕಾದರೂ ಇಟ್ಟುಕೊಳ್ಳಬಹುದು, ಇವನದು ಪೊರಕೆ, ಕೆಲಸಕ್ಕೆ ತಕ್ಕ ಹೆಸರು, ಹೊಸ ಲೇಖನ ಬಂದರೆ ಓದುವುದು, ಇದಕ್ಕೆ ಗಮನಾರ್ಹತೆ ಇದೆಯೇ, ಸಂಬಂಧವಿಲ್ಲದ ಮೂರನೆಯವರು ಇದರ ಬಗ್ಗೆ ಎಲ್ಲಾದರೂ ಬರೆದಿದ್ದಾರೆಯೇ, ಇಲ್ಲವಾದರೆ ಅಳಿಸೋಣ ಅಂತ ಚರ್ಚೆಗೆ ಹಾಕುವುದು, ಅಕ್ಕ ಫೋನಿನಲ್ಲಿ ಕೇಳುತ್ತಾಳೆ, ದುಡ್ಡು ಕೊಡ್ತಾರೇನೋ, ಇಲ್ಲ, ಹೋಗಲಿ ಊಟನಾದ್ರೂ ಹಾಕ್ತಾರಾ, ಇಲ್ಲ ಕಣೆ, ಮತ್ಯಾಕೋ ನಿಂಗೆ ಊರ ಉಸಾಬರಿ. ಸರಿ ಇಡ್ತೀನಿ ಅಂದ.

ಏಳು ಕಿಟಕಿ ಚೌಕಟ್ಟು, ಅದೇ ಆಕೆ ಹಾಕಿದ ಲೇಖನದ ಹೆಸರು, ದೊಡ್ಡ ಸಂಸ್ಥೆಯೊಂದರ ಕಂಪ್ಯೂಟರು, ಜನ, ಕೆಲಸ ಎಲ್ಲ ಒಂದಕ್ಕೊಂದು ಹೇಗೆ ಹೆಣೆದುಕೊಂಡಿವೆ ಅಂತ ಏಳು ಕಡೆಯಿಂದ ನೋಡಿ ನಕ್ಷೆ ಬರೆಯುವ ಪದ್ಧತಿ, ಆರ್ಕಿಟೆಕ್ಚರ್ ಫ್ರೇಮ್‌ವರ್ಕ್ ಅನ್ನುತ್ತಾರೆ, ಮನೆ ಕಟ್ಟೋರದ್ದಾ ಅಂದಳು ಅಕ್ಕ, ಅಲ್ಲ, ಇದರಲ್ಲಿ ಗೋಡೆ ಇಲ್ಲ ಇಟ್ಟಿಗೆ ಇಲ್ಲ, ಗೋಡೆ ಇಲ್ದೆ ಕಿಟಕಿ ಎಲ್ಲಿಡ್ತಾರೋ — ಇವನು ಎಂದಿನಂತೆ, ಆಧಾರಗಳಿಲ್ಲ, ಅಳಿಸಬಹುದು, ಅಂತ ಎರಡು ಸಾಲು ಗೀಚಿ ಮುಂದೆ ಹೋಗಿದ್ದ, ಮಾರನೇ ದಿನ ನೋಡಿದರೆ ಆಕೆಯ ಮಾರುದ್ದ ಉತ್ತರ, ನಾಲ್ಕು ಜನ ಸೇರಿ ಮಾಡಿದ್ದು ಸಾರ್, ಕೆಲಸ ನಿಂತರೆ ಮೊದಲು ತೊಂದರೆ ಯಾರಿಗೆ ಅಂತ ಕೇಳೋದು ಐದನೇ ಕಿಟಕಿ, ಅದನ್ನ ಬರೆದವಳು ನಾನು, ಉಳಿದ ಮೂವರೂ ಹೋಗಿಬಿಟ್ರು, ಇನ್ನು ನಾನೇ ಆಧಾರ. ಮೇಡಂ, ನೀವು ಹತ್ತಿರದವರು, ಹತ್ತಿರದವರ ಮಾತು ಆಧಾರವಾಗುವುದಿಲ್ಲ. ಒಳ್ಳೇ ಕಥೆಯಾಯ್ತಲ್ಲ, ಮಾಡಿದೋಳು ಹೇಳಿದ್ರೆ ಆಗಲ್ಲ, ಕಣ್ಣಲ್ಲೂ ನೋಡದೋರು ಹೇಳಿದ್ರೆ ಆಗತ್ತಾ. ಅವನು ನಕ್ಕಿದ್ದ, ಖಾಲಿ ಮಹಡಿಯಲ್ಲಿ ಗಟ್ಟಿಯಾಗಿ, ತನ್ನ ನಗು ತನಗೇ ಕೇಳಿಸಿ ಬೆಚ್ಚಿದ್ದ, ನಕ್ಕು ಎಷ್ಟು ದಿನವಾಗಿತ್ತೋ. ಆಮೇಲೆ ದಿನಾ ಮಾತು, ಇವನೊಂದು ನಿಯಮ ಹೇಳುವುದು ಆಕೆ ಅದಕ್ಕೊಂದು ಕೊಂಕು ತೆಗೆಯುವುದು, ಮಧ್ಯೆ ಮಂಡಿನೋವು, ಮಧ್ಯೆ ಮೊಮ್ಮಗಳು, ಅಜ್ಜಿ ನೀನು ಅಷ್ಟು ದೊಡ್ಡ ಕೆಲಸ ಮಾಡಿದ್ರೆ ಹುಡುಕಿದಾಗ ಏನೂ ಬರಲ್ಲ ಯಾಕೆ ಅಂತ ಕೇಳಿದಳಂತೆ, ಅದಕ್ಕೇ ಈ ಹಟ ಸಾರ್, ಬೇರೆ ಏನೂ ಇಲ್ಲ. ಜ್ವರ ಬಂದು ಇವನು ಎರಡು ದಿನ ಮಲಗಿದ್ದಾಗ ಆಫೀಸಿನಿಂದ ಒಂದು ಫೋನಿಲ್ಲ, ಎದ್ದು ನೋಡಿದರೆ ಚರ್ಚೆಯ ಪುಟದಲ್ಲಿ ಆಕೆಯ ಒಂದೇ ಸಾಲು, ನಿಮ್ಮ ಸದ್ದೇ ಇಲ್ಲವಲ್ಲ, ಹುಷಾರಾಗಿದೀರಿ ತಾನೇ. ಕಣ್ಣು ತುಂಬಿ ಬಂತು, ಅಳಿಸುವ ಚರ್ಚೆಯ ಪುಟ ನೋಡಿ ಅತ್ತ ಮೊದಲನೆಯವನು ತಾನೇ ಇರಬೇಕು. ತನ್ನ ಮೇಲೇ ಒಂದು ಲೇಖನ ಬಂದರೆ ಅಂತ ಯೋಚಿಸಿದ್ದ ಆವತ್ತು, ಪೊರಕೆ ಏನು ಬರೆಯುತ್ತಿದ್ದ, ಕೈಪಿಡಿಯಲ್ಲಿ ಬರೆದವನ ಹೆಸರು ಹಾಕುವುದಿಲ್ಲ, ಅಕ್ಕ ಹತ್ತಿರದವಳು, ಲೆಕ್ಕಕ್ಕಿಲ್ಲ, ಕಾವಲಿನವನು ಸಂಬಂಧವಿಲ್ಲದವನು ನಿಜ, ಆದರೆ ಬಂದ್ರಾ ಸಾರ್ ಅನ್ನುವುದು ಹೋಗುತ್ತಾ ಬರುತ್ತಾ ಎತ್ತಿದ ಮಾತು, ಅಷ್ಟು ಸಾಲದು, ಅಳಿಸಬಹುದು. ದೀಪ ಆರಿತು, ಬೀಸಿದ, ಉರಿಯಿತು.

ಪುಸ್ತಕ ಸಿಕ್ಕಿಬಿಟ್ಟಿತ್ತು, ಅದೇ ಈಗ ಕೊರೆಯುವುದು, ಎರಡು ವಾರದ ಹಿಂದೆಯೇ ಸಿಕ್ಕಿಬಿಟ್ಟಿತ್ತು — ಆ ನಾಲ್ವರ ಮುಖ ಕಂಡಿರದ ಇಬ್ಬರು ಮೇಷ್ಟ್ರುಗಳ ಪಠ್ಯಪುಸ್ತಕ, ಒಂದು ಇಡೀ ಅಧ್ಯಾಯ ಏಳು ಕಿಟಕಿಯ ಮೇಲೆ, ಅದರ ಬೆನ್ನಿಗೇ ಹಳೇ ಪತ್ರಿಕೆಯೊಂದರಲ್ಲಿ ವಿಮರ್ಶೆ, ಐದನೇ ಕಿಟಕಿಯೇ ಇದರ ಜೀವ ಅಂತ ಬರೆದಿದ್ದಾರೆ, ಎರಡು ಆಧಾರ, ಅಷ್ಟು ಸಾಕು, ಎಷ್ಟು ಖುಷಿಯಾಯಿತೆಂದರೆ ಬರೆಯುವುದಕ್ಕೆ ಬೆರಳೂ ಇಟ್ಟ, ಇಟ್ಟವನು ತಡೆದ, ಇದನ್ನು ಹಾಕಿದರೆ ಲೇಖನ ಉಳಿಯುತ್ತದೆ, ಚರ್ಚೆ ಮುಗಿಯುತ್ತದೆ, ನಾಳೆ ಬೆಳಿಗ್ಗೆ ಬಂದು ಏನು ಓದುವುದು. ಇನ್ನಷ್ಟು ಅಭಿಪ್ರಾಯ ಬರಲಿ, ಒಂದು ವಾರ ಮುಂದೂಡೋಣ, ಅಂತ ಬರೆದ, ಮುಂದಿನ ವಾರವೂ ಅದನ್ನೇ ಬರೆದ, ಯಾರ ಅಭಿಪ್ರಾಯ, ಆ ಪುಟಕ್ಕೆ ಬರುವವರು ಇಬ್ಬರೇ. ಆಕೆ ಪಾಪ ಹುಡುಕಿದ್ದೇ ಹುಡುಕಿದ್ದು, ಅಟ್ಟ ಹತ್ತಿದ್ದೆ ಸಾರ್, ಹಳೇ ಪೆಟ್ಟಿಗೆ ಎಲ್ಲ ಜಾಲಾಡಿದೆ, ಏನೂ ಸಿಗಲಿಲ್ಲ — ಆ ಮಂಡಿ ಇಟ್ಟುಕೊಂಡು ಅಟ್ಟ, ಇವನಿಗೆ ನಾಚಿಕೆಯಾಯಿತು, ಆದರೂ ಜೋಪಾನ ಮೇಡಂ, ಬೀಳ್ತೀರಿ, ಅಂತ ಬರೆದನೇ ಹೊರತು ಪುಸ್ತಕದ ಸುದ್ದಿ ಎತ್ತಲಿಲ್ಲ. ಇವತ್ತು ನಿರ್ವಾಹಕ ಬಂದ, ಚರ್ಚೆಗಳಿಗೆ ಬಾಗಿಲು ಹಾಕುವ ಅಧಿಕಾರ ಇರುವವನು, ಎಳೆದದ್ದು ಸಾಕು, ಆಧಾರ ಇಲ್ಲ, ಸಂಜೆಗೆ ಅಳಿಸುತ್ತೇನೆ. ಅದರ ಕೆಳಗೆ ಆಕೆ, ಅಳಿಸಿ ಸಾರ್, ಪರವಾಗಿಲ್ಲ, ಮೊಮ್ಮಗಳಿಗೆ ಏನಾದ್ರೂ ಹೇಳ್ತೀನಿ, ಪೊರಕೆಯವರು ಇಷ್ಟು ದಿನ ನನ್ನ ಹರಟೆ ಕೇಳಿದ್ರಲ್ಲ, ಅಷ್ಟೇ ಸಾಕು.

ಹಾಕಿಬಿಟ್ಟ. ಪುಸ್ತಕದ ಹೆಸರು, ಪುಟ, ಪತ್ರಿಕೆಯ ಸಂಚಿಕೆ, ಊಟದ ಡಬ್ಬಿ ಮುಚ್ಚಳ ತೆಗೆಯದೆ ಹಾಗೇ ಇತ್ತು, ಸ್ವಲ್ಪ ಹೊತ್ತಿಗೆ ಉತ್ತರ, ಅಯ್ಯೋ ಸಾರ್, ಎಷ್ಟು ಕಷ್ಟಪಟ್ಟು ಹುಡುಕಿದ್ರೋ, ನಿಮ್ಮ ಹೊಟ್ಟೆ ತಣ್ಣಗಿರಲಿ, ಮೊಮ್ಮಗಳಿಗೆ ಈಗಲೇ ತೋರಿಸ್ತೀನಿ, ಕುಣೀತಾಳೆ, ಇನ್ನು ನಿಮಗೆ ತೊಂದರೆ ಕೊಡಲ್ಲ. ಇನ್ನು ನಿಮಗೆ ತೊಂದರೆ ಕೊಡಲ್ಲ — ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಪುಟ ಬೂದು ಬಣ್ಣಕ್ಕೆ ತಿರುಗಿತು, ಉಳಿಸಲಾಗಿದೆ, ಚರ್ಚೆ ಮುಗಿದಿದೆ, ಇಲ್ಲಿ ಇನ್ನೇನನ್ನೂ ಬರೆಯಬೇಡಿ. ಹಾಗಂತ ದಾರಿ ಮುಚ್ಚಿಲ್ಲ, ಆಕೆಯ ಹೆಸರಿನದೇ ಒಂದು ಪುಟ ಇದೆ, ಹೊಸ ಸಂದೇಶ ಅಂತ ಇದೆ, ಒತ್ತಿದ, ದೊಡ್ಡ ಜಾಗ ತೆರೆಯಿತು, ಅದರ ಮೇಲೆ ಸಣ್ಣದೊಂದು ಚೌಕ, ಪಕ್ಕದಲ್ಲಿ ವಿಷಯ ಅಂತ, ಅದನ್ನು ತುಂಬದೆ ಕಳಿಸುವುದಕ್ಕೆ ಬಿಡುವುದಿಲ್ಲ. ಆಧಾರಗಳ ಬಗ್ಗೆ, ಅಂತ ಬರೆದ, ಅದು ಮುಗಿದ ಮಾತು, ಅಳಿಸಿದ, ಕ್ಷಮಿಸಿ, ಅಂದರೆ ಯಾಕೆ ಅನ್ನುತ್ತಾರೆ, ಹೇಳಬೇಕಾಗುತ್ತದೆ, ಹೇಳಿದರೆ ಹರಸಿದ ಬಾಯಿ ಮತ್ತೆ ಮಾತಾಡುತ್ತದೆಯೇ, ಅಳಿಸಿದ, ಮಂಡಿನೋವು, ಛೆ, ಅಳಿಸಿದ, ಏನು ವಿಷಯ ಸಾರ್ ಅಂತ ಆಕೆ ಕೇಳಿದರೆ, ಏನಿಲ್ಲ ಮೇಡಂ, ಸುಮ್ಮನೆ, ಸುಮ್ಮನೆ ಅಂತ ಬರೆದ, ನೋಡಿದ, ಯಾರು ಯಾರಿಗೆ ಸುಮ್ಮನೆ ಬರೆಯುತ್ತಾರೆ, ಹತ್ತಿರದವರು ಬರೆಯುತ್ತಾರೆ, ಒಂದೊಂದೇ ಅಕ್ಷರ ಅಳಿಸಿದ, ವಿಷಯ, ಪಕ್ಕದಲ್ಲಿ ಖಾಲಿ ಚೌಕ, ವಿಷಯ, ಖಾಲಿ ಚೌಕ, ವಿಷಯ —